1799ರ ಬೆಳ್ಳಿ ಡಾಲರ್ ಕೊಳ್ಳುವ ಮುನ್ನ ಇದನ್ನು ಓದಿ

ಅಮೆರಿಕದಲ್ಲಿದ್ದು ಇಲ್ಲಿನ ಹಳೆಯ ಬೆಳ್ಳಿ ನಾಣ್ಯಗಳನ್ನು ಸಂಗ್ರಹಿಸುವ ಕನ್ನಡಿಗರು ದಯವಿಟ್ಟು ಗಮನಿಸಿ. ನ್ಯೂಜೆರ್ಸಿಯ ನಾಣ್ಯಮೇಳವೊಂದರಲ್ಲಿ 1799ರ ಡ್ರೇಪ್ಡ್ ಬಸ್ಟ್ (ವಸ್ತ್ರ ಹೊದ್ದ ಲಿಬರ್ಟಿಯ ಎದೆಮಟ್ಟದ ಚಿತ್ರವಿರುವ) ಡಾಲರನ್ನು ಎಕ್ಸ್‌ಎಫ್ 40 (ಅಲ್ಪ ಸವೆತದ, ಒಳ್ಳೆಯ ಸ್ಥಿತಿಯ ನಾಣ್ಯ) ದರ್ಜೆಯದೆಂದು ನಂಬಿಸಿ, ಆ ದರ್ಜೆಯ ಪೂರ್ತಿ ಬೆಲೆಗೆ ಒಬ್ಬ ವ್ಯಾಪಾರಿ ನನಗೆ ಮಾರಿದ. ನಾಣ್ಯ ನಕಲಿಯಲ್ಲ. ಟಂಕಸಾಲೆಯ ನಿಗದಿತ ತೂಕವಾದ 26.96 ಗ್ರಾಂಗಿಂತ ಸವೆತಕ್ಕೆ ತಕ್ಕಷ್ಟೇ ಕಡಿಮೆಯಿತ್ತು, ಅಂಚಿನ ಸುತ್ತ ‘ಹಂಡ್ರೆಡ್ ಸೆಂಟ್ಸ್ ಒನ್ ಡಾಲರ್ ಆರ್ ಯುನಿಟ್’ ಎಂಬ ಅಕ್ಷರಗಳೂ ಸರಿಯಾಗಿದ್ದವು. ಆದರೆ ಈ ಪರೀಕ್ಷೆಗಳು ಖೋಟಾ ನಾಣ್ಯವನ್ನು ಹಿಡಿಯುತ್ತವೆಯೇ ಹೊರತು, ರಿಪೇರಿ ಮಾಡಿ ಮುಚ್ಚಿಟ್ಟ ಅಸಲಿ ನಾಣ್ಯವನ್ನಲ್ಲ.

‘ಲಿಬರ್ಟಿ’ ಅಕ್ಷರಗಳ ಬಳಿ ಒತ್ತೊತ್ತಾದ ಗೀರುಗಳಿದ್ದುದನ್ನು ನಾನು ಆಗಲೇ ಕೇಳಿದೆ. “ಅವು ಅಡ್ಜಸ್ಟ್‌ಮೆಂಟ್ ಮಾರ್ಕ್ಸ್, ಆ ಕಾಲದ ಡಾಲರುಗಳಲ್ಲಿ ಸಾಮಾನ್ಯ” ಎಂದು ಅವನು ತಡವರಿಸದೆ ಹೇಳಿದ. ಆ ಮಾತು ಸುಳ್ಳಲ್ಲ, ಅದೇ ನನ್ನ ಸಿಟ್ಟಿಗೆ ಕಾರಣ. ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ತೂಕ ಹೆಚ್ಚಾದ ಬಿಲ್ಲೆಗಳನ್ನು ಅಚ್ಚು ಒತ್ತುವ ಮೊದಲು ಅರದಿಂದ ಉಜ್ಜುತ್ತಿದ್ದುದು ನಿಜ. ಆದರೆ ಆ ಗೆರೆಗಳ ಅಂಚು ಅಚ್ಚಿನ ಒತ್ತಡಕ್ಕೆ ಸಿಕ್ಕಿ ಮೊಂಡಾಗಿರುತ್ತದೆ. ಈ ನಾಣ್ಯದ ಗೀರುಗಳು ಅಕ್ಷರವನ್ನೂ ಸುತ್ತಲಿನ ಖಾಲಿ ಜಾಗವನ್ನೂ ಒಂದೇ ಸಮನೆ ಕೊಯ್ದಿದ್ದವು.

ದರ್ಜೆ ನಿರ್ಧರಿಸುವ ಸಂಸ್ಥೆಗೆ ಕಳಿಸಿದಾಗ ನಾಣ್ಯ ದರ್ಜೆಯ ಸಂಖ್ಯೆಯಿಲ್ಲದೆ, ‘ಡೀಟೇಲ್ಸ್, ಪ್ಲಗ್ಡ್’ (ದೋಷವಿದೆ, ತೂತು ಮುಚ್ಚಲಾಗಿದೆ) ಎಂಬ ಚೀಟಿ ಹೊತ್ತು ಮರಳಿತು. ಯಾರೋ ಹಿಂದೆ ಪದಕದಂತೆ ತೊಡಲು ತೂತು ಕೊರೆದಿದ್ದರು. ಆ ತೂತಿಗೆ ಬೆಳ್ಳಿ ತುಂಬಿ, ಅಕ್ಷರವನ್ನು ಹೊಸದಾಗಿ ಕೆತ್ತಿ, ಮೇಲ್ಮೈಯನ್ನು ಉಜ್ಜಿದ್ದರು. ಆ ಗೀರುಗಳು ಉಜ್ಜಿದ ಗುರುತು. ಟಂಕಸಾಲೆಯ ಗುರುತೆಂದು ಅವನು ನನಗೆ ಹೇಳಿದ್ದು ಇದನ್ನೇ! ಸಂಗ್ರಾಹಕ ಗೆಳೆಯರಿಗೆಲ್ಲ ನಾಣ್ಯ ತೋರಿಸಿದ್ದೆ. ಆ ಚೀಟಿಯನ್ನು ಅವರ ಮುಂದಿಡುವಾಗ ತಲೆ ಎತ್ತಲಾಗಲಿಲ್ಲ.

ವ್ಯಾಪಾರಿಗೆ ಫೋನ್ ಮಾಡಿದೆ. “ನಾಣ್ಯ ಅಸಲಿಯೆಂದು ಸಂಸ್ಥೆಯವರೂ ಒಪ್ಪಿದ್ದಾರಲ್ಲ?” ಎಂದ. ತೂತಿನ ವಿಷಯ ಕೇಳಿದರೆ, “ತೂತಿಲ್ಲವೆಂದು ನಾನು ಯಾವಾಗ ಹೇಳಿದೆ?” ಎಂದ. ಎಕ್ಸ್‌ಎಫ್ 40 ಎಂದದ್ದನ್ನು ನೆನಪಿಸಿದಾಗ, “ದರ್ಜೆ ಎಂಬುದು ಅವರವರ ಅಭಿಪ್ರಾಯ” ಎಂದು ಫೋನಿಟ್ಟ. ದರ್ಜೆ ಅಭಿಪ್ರಾಯವಿರಬಹುದು, ತೂತು ಯಾರ ಅಭಿಪ್ರಾಯವೂ ಅಲ್ಲ. ಮತ್ತೆ ಬರೆದ ಪತ್ರಕ್ಕೆ, ಮೇಳದಲ್ಲಿ ಮಾರಿದ್ದನ್ನು ಹಿಂಪಡೆಯುವುದಿಲ್ಲ ಎಂಬ ಒಂದೇ ಸಾಲು ಬಂತು.

ಆ ಕಾಲದ ಡಾಲರನ್ನು ಸಂಸ್ಥೆಯ ದರ್ಜೆಯ ಚೀಟಿಯಿಲ್ಲದೆ ಬಿಡಿಯಾಗಿ ಕೊಳ್ಳುವುದಾದರೆ ರಟ್ಟಿನ ಚೌಕಟ್ಟಿನಿಂದ ಹೊರತೆಗೆಸಿ, ಭೂತಕನ್ನಡಿಯಲ್ಲಿ ಎರಡೂ ಮುಖಗಳಲ್ಲಿ ಒಂದರ ಹಿಂದೊಂದು ಬರುವ ಜಾಗವನ್ನು ಹೋಲಿಸಿ. ಬಣ್ಣ ಬೇರೆಯಾಗಿದ್ದರೆ, ಅಕ್ಷರದ ಆಕಾರ ಪಕ್ಕದ್ದಕ್ಕೆ ಹೊಂದದಿದ್ದರೆ ಬಿಟ್ಟುಬನ್ನಿ. ‘ರಿಪೇರಿಯಾಗಿಲ್ಲ, ಸಂಸ್ಥೆ ಸಂಖ್ಯೆ ಕೊಡದಿದ್ದರೆ ಹಣ ವಾಪಸ್’ ಎಂದು ರಸೀದಿಯ ಮೇಲೆಯೇ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿಯುವ ವ್ಯಾಪಾರಿಗೆ ಒಂದು ಡಾಲರನ್ನೂ ಕೊಡಬೇಡಿ.