ಭಾನುವಾರದ ಆನ್‌ಲೈನ್ ಕಸೂತಿ ಕೂಟ: ಎರಡೂವರೆ ವರ್ಷದ ಬಳಕೆಯ ನಂತರ

ಧಾರವಾಡದ ಕಡೆಯ ಇಬ್ಬರು ಹಿರಿಯ ಶಿಕ್ಷಕಿಯರು ನಡೆಸುವ ಒಂದು ಆನ್‌ಲೈನ್ ಕಸೂತಿ ಕೂಟಕ್ಕೆ ನಾನು ಸೇರಿ ಎರಡೂವರೆ ವರ್ಷವಾಯಿತು. ವರ್ಷಕ್ಕೆ 2,400 ರೂಪಾಯಿ ಚಂದಾ. ಅದಕ್ಕೆ ಪ್ರತಿಯಾಗಿ ಭಾನುವಾರ ಸಂಜೆ 7ರಿಂದ 8ರವರೆಗೆ ವಿಡಿಯೊ ಕರೆಯಲ್ಲಿ ಎಲ್ಲರೂ ಜೊತೆಯಾಗಿ ಕಸೂತಿ ತೆಗೆಯುತ್ತೇವೆ. ತಿಂಗಳಿಗೆ ಎರಡು ನಕ್ಷೆಗಳು ಬರುತ್ತವೆ. ವಾರದ ಉಳಿದ ದಿನಗಳಿಗೆ ಒಂದು ವಾಟ್ಸ್‌ಆ್ಯಪ್ ಗುಂಪಿದೆ. ಮುಂದೆ ಕೆಲವು ದೂರುಗಳನ್ನೂ ಹೇಳಲಿರುವುದರಿಂದ ಕೂಟದ ಹೆಸರನ್ನು ಬರೆಯುವುದಿಲ್ಲ.

ಸೇರುವಾಗ ನನಗಿದ್ದ ತೊಂದರೆ ಕಲಿಕೆಯದಲ್ಲ, ಸಮಯದ್ದು. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳನ್ನು ಹುಡುಗಿಯಾಗಿದ್ದಾಗಲೇ ಆಯಿಯ ಪಕ್ಕದಲ್ಲಿ ಕುಳಿತು ಕಲಿತಿದ್ದೆ. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಕಚೇರಿ, ಮಗಳ ಶಾಲೆ, ಮಾವನವರ ಔಷಧಿ ಮತ್ತು ಅಡುಗೆಮನೆಯ ನಡುವೆ ಸೂಜಿ ಹಿಡಿಯದೆ ಹನ್ನೊಂದು ವರ್ಷವಾಗಿತ್ತು. ಕಸೂತಿಗೆ ಇಡೀ ಮಧ್ಯಾಹ್ನ ಬಿಡುವಿರಬೇಕು ಎಂದು ನಾನು ನಂಬಿದ್ದೆ, ಏಕೆಂದರೆ ಆಯಿ ಕೂರುತ್ತಿದ್ದದ್ದು ಹಾಗೆಯೇ. ಅಂಥ ಮಧ್ಯಾಹ್ನಕ್ಕಾಗಿ ಕಾಯುತ್ತ ಅರ್ಧಕ್ಕೆ ನಿಂತ ಒಂದು ದಿಂಬಿನ ಚೀಲ ಪೆಟ್ಟಿಗೆಯಲ್ಲೇ ಉಳಿದಿತ್ತು.

ಈ ಕೂಟದಿಂದ ನನಗೆ ಸಿಕ್ಕ ಅತಿ ದೊಡ್ಡ ಲಾಭ ಆ ನಂಬಿಕೆ ಸಡಿಲವಾದದ್ದು, ಮತ್ತು ಅದಕ್ಕೆ ಕಾರಣ ಗವಂತಿಯ ಸ್ವಭಾವದಲ್ಲೇ ಇದೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆ ಎಣಿಸಿಯೇ ಹೊಲಿಯಬೇಕು, ಗಂಟು ಹಾಕಬಾರದು, ಗವಂತಿ ಮತ್ತು ಮುರ್ಗಿಯಲ್ಲಿ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣಬೇಕು. ಗವಂತಿ ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಬೀಳುತ್ತದೆ. ರೇಖೆ ಅರ್ಧ ಮಾತ್ರ ಮೂಡುತ್ತದೆ. ತುದಿ ಮುಟ್ಟಿ ಅದೇ ದಾರಿಯಲ್ಲಿ ಮರಳುವಾಗ ಬಿಟ್ಟ ಜಾಗಗಳು ತುಂಬುತ್ತವೆ. ಹೋಗುವಾಗ ಪ್ರತಿಯೊಂದು ಎಳೆಯನ್ನೂ ಎಣಿಸಬೇಕು, ಎಲ್ಲಿ ಕವಲೊಡೆಯಬೇಕು, ಯಾವ ಕವಲನ್ನು ಮೊದಲು ಮುಗಿಸಿ ಮೂಲ ರೇಖೆಗೆ ಬರಬೇಕು ಎಂದು ಮೊದಲೇ ಯೋಚಿಸಬೇಕು. ಮರಳುವಾಗ ಎಣಿಕೆಯೇ ಬೇಡ, ಏಕೆಂದರೆ ಸೂಜಿ ಹೋಗಬೇಕಾದ ರಂಧ್ರಗಳನ್ನು ಮೊದಲಿನ ಹೊಲಿಗೆ ಆಗಲೇ ತೋರಿಸಿಕೊಟ್ಟಿರುತ್ತದೆ. ನಮ್ಮ ಅಕ್ಕೋರು (ಶಿಕ್ಷಕಿ) ಮೊದಲ ವಾರವೇ ಹೇಳಿದ ಮಾತಿದು: “ಹ್ವಾದ ದಾರಿ ನೆಟ್ಟಗಿತ್ತಂದ್ರ, ಬರೂ ದಾರಿ ಕಣ್ಣು ಮುಚ್ಚಿದ್ರೂ ಸಿಗತೈತ್ರಿ.”

ಈ ಮಾತನ್ನೇ ಹಿಡಿದು ನಾನು ವಾರವನ್ನು ಹಂಚಿಕೊಂಡೆ. ಎಣಿಕೆ ಬೇಡುವ ಹೋಗುವ ದಾರಿ ಭಾನುವಾರದ ಒಂದು ಗಂಟೆಗೆ. ಮರಳುವ ದಾರಿ ವಾರದ ದಿನಗಳ ಹದಿನೈದು, ಇಪ್ಪತ್ತು ನಿಮಿಷಗಳ ಚೂರುಗಳಿಗೆ. ಕುಕ್ಕರ್ ಕೂಗುವವರೆಗೆ, ಮಗಳ ಸಂಗೀತದ ಪಾಠ ಮುಗಿಯುವವರೆಗೆ, ಮೆಟ್ರೊದಲ್ಲಿ ಸೀಟು ಸಿಕ್ಕ ದಿನ ಆ ಪ್ರಯಾಣದಲ್ಲಿ ಕೆಲಸ ಸಾಗುತ್ತದೆ. ನಡುವೆ ಯಾರು ಕರೆದರೂ ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ ಏಳಬಹುದು, ಎಣಿಕೆ ತಪ್ಪುವ ಭಯವಿಲ್ಲ. ಕತ್ತರಿಯನ್ನು ಮನೆಯಲ್ಲೇ ಬಿಟ್ಟು, ಅರ್ಧ ಮೀಟರ್ ಉದ್ದಕ್ಕೆ ಕತ್ತರಿಸಿದ ದಾರಗಳನ್ನು ಒಂದು ರಟ್ಟಿಗೆ ಸುತ್ತಿ ಚೀಲದಲ್ಲಿಟ್ಟುಕೊಳ್ಳುತ್ತೇನೆ. ಮೆಂತಿಗೆ ಈ ಹಂಚಿಕೆ ಅಷ್ಟು ಚೆನ್ನಾಗಿ ಒಗ್ಗುವುದಿಲ್ಲ. ನೇಗಿಗಂತೂ ಒಗ್ಗುವುದೇ ಇಲ್ಲ, ಅದರ ಪ್ರತಿ ಸಾಲಿಗೂ ಎಣಿಕೆ ಬೇಕು.

ಭಾನುವಾರದ ಕರೆ ಪಾಠದ ಹಾಗೆ ನಡೆಯುವುದಿಲ್ಲ. ಮೊದಲ ಹತ್ತು ನಿಮಿಷ ಅಕ್ಕೋರು ನಕ್ಷೆಯ ದಾರಿಯನ್ನು ತೋರಿಸುತ್ತಾರೆ, ನಂತರ ಎಲ್ಲರೂ ಕ್ಯಾಮೆರಾವನ್ನು ಕೈಯ ಕಡೆ ತಿರುಗಿಸಿ ಹೊಲಿಯುತ್ತೇವೆ. ಹುಬ್ಬಳ್ಳಿ, ಬಾಗಲಕೋಟೆ, ಪುಣೆಯವರಿದ್ದಾರೆ. ಅಮೆರಿಕದ ಪೂರ್ವ ಕರಾವಳಿಯಿಂದ ಮೂವರು ಬರುತ್ತಾರೆ, ಅವರಿಗೆ ಅದು ಬೇಸಿಗೆಯಲ್ಲಿ ಬೆಳಗಿನ 9.30, ಚಳಿಗಾಲದಲ್ಲಿ 8.30. ಮಾತು ಹೆಚ್ಚಿರುವುದಿಲ್ಲ. ಆದರೂ ಇನ್ನೊಬ್ಬರು ನಮ್ಮ ಜೊತೆ ಎಣಿಸುತ್ತಿದ್ದಾರೆ ಎಂಬ ಅರಿವು ಕೈಯನ್ನು ಕೂರಿಸುತ್ತದೆ. ಆ ಒಂದು ಗಂಟೆಯನ್ನು ನನ್ನ ಮನೆಯವರು ಗೌರವಿಸಲು ಕಲಿತದ್ದೂ ಅದಕ್ಕೊಂದು ನಿಗದಿತ ವೇಳೆ ಇದ್ದುದರಿಂದಲೇ. “ಸ್ವಲ್ಪ ಹೊತ್ತು ಹೊಲಿಯುತ್ತೇನೆ” ಎಂದಾಗ ಯಾರಾದರೂ ಕರೆಯುತ್ತಿದ್ದರು. “7ಕ್ಕೆ ಕೂಟವಿದೆ” ಎಂದಾಗ ಯಾರೂ ಕರೆಯುವುದಿಲ್ಲ.

ಗುಂಪಿನ ಒಂದು ನಿಯಮವನ್ನು ವಿಶೇಷವಾಗಿ ಮೆಚ್ಚುತ್ತೇನೆ: ಮಾಡಿದ ಕೆಲಸದ ಫೋಟೊ ಹಾಕುವಾಗ ಹಿಂಬದಿಯ ಫೋಟೊವನ್ನೂ ಹಾಕಬೇಕು. ನಾನು ತೆಗೆದ ಮೊದಲ ಗೋಪುರದ ಚಿತ್ರದಲ್ಲಿ ಮೂರನೆಯ ಅಂತಸ್ತಿನ ಎಡಗಡೆ ಒಂದು ಎಳೆ ಜಾರಿತ್ತು. ಮುಂಬದಿಯಿಂದ ನನಗದು ಕಾಣಲಿಲ್ಲ. ಹಿಂಬದಿಯ ಫೋಟೊ ನೋಡಿದ ಬಾಗಲಕೋಟೆಯ ಒಬ್ಬ ಹಿರಿಯರು ಕೆಂಪು ಗುರುತು ಹಾಕಿ, ಎಷ್ಟು ಹೊಲಿಗೆ ಬಿಚ್ಚಿದರೆ ಸಾಕು, ಯಾವುದನ್ನು ಬಿಚ್ಚುವ ಅಗತ್ಯವಿಲ್ಲ ಎಂದು ಅರ್ಧ ಗಂಟೆಯೊಳಗೆ ಬರೆದು ಕಳಿಸಿದರು. ನಾನು ಹದಿನಾಲ್ಕು ಹೊಲಿಗೆ ಬಿಚ್ಚಿದೆ. ಒಬ್ಬಳೇ ಇದ್ದಿದ್ದರೆ ಆ ಗೋಪುರವನ್ನೇ ಪೆಟ್ಟಿಗೆಗೆ ಸೇರಿಸುತ್ತಿದ್ದೆ. ಆಯಿಯ ಕಾಲದಲ್ಲಿ ಓಣಿಯ ಹೆಂಗಸರು ಕಟ್ಟೆಯ ಮೇಲೆ ಒಬ್ಬರ ಬಟ್ಟೆಯನ್ನು ಇನ್ನೊಬ್ಬರು ತಿರುವಿ ನೋಡಿ ಮಾಡುತ್ತಿದ್ದ ಕೆಲಸ ಇದೇ.

ಸಾಮಗ್ರಿಯ ವಿಷಯದಲ್ಲಿ ಕೂಟದ ಸಲಹೆಗಳು ಒಳ್ಳೆಯವು. ಹೊಸಬರಿಗೆ ನೇರವಾಗಿ ಇಳಕಲ್ ಸೀರೆಯ ಮೇಲೆ ಕೈಯಿಡಲು ಬಿಡುವುದಿಲ್ಲ. ಇಂಚಿಗೆ 14 ಚೌಕಗಳಿರುವ ಐಡಾ ಬಟ್ಟೆ, ಮೊನೆ ಮೊಂಡಾದ 24ನೇ ನಂಬರಿನ ಸೂಜಿ, ಆರೆಳೆಯ ಹತ್ತಿ ದಾರದಲ್ಲಿ ಎರಡೆಳೆ ಎಂಬುದು ಅವರ ಆರಂಭದ ಪಟ್ಟಿ. 84 ಚೌಕ ಅಗಲದ ನಕ್ಷೆ ಇದರ ಮೇಲೆ ಸರಿಯಾಗಿ 6 ಇಂಚಾಗುತ್ತದೆ ಎಂಬ ಲೆಕ್ಕ ಹಾಕಿಕೊಂಡರೆ ಬಟ್ಟೆ ಸಾಲದೆ ಹೋಗುವ ಪ್ರಸಂಗ ಬರುವುದಿಲ್ಲ. 8 ಮೀಟರಿನ ಒಂದು ಲಡಿಯಿಂದ ಎರಡೆಳೆಯಾಗಿ 24 ಮೀಟರ್ ದಾರ ಸಿಗುತ್ತದೆ, ಅಂದರೆ ಅರ್ಧ ಮೀಟರಿನ 48 ದಾರಗಳು. ನನ್ನ ವೇಗಕ್ಕೆ ಒಂದು ಬಣ್ಣ ತಿಂಗಳುಗಟ್ಟಲೆ ಬರುತ್ತದೆ. ನಕ್ಷೆಯಲ್ಲಿ ಬಣ್ಣದ ಹೆಸರಿನ ಬದಲು ದಾರದ ನಂಬರು ಕೊಡುವುದು ದೊಡ್ಡ ಅನುಕೂಲ: ಕಪ್ಪೆಂದರೆ ಡಿಎಂಸಿ ಕಂಪನಿಯ ದಾರದಲ್ಲಿ 310, ಆಂಕರ್‌ನಲ್ಲಿ 403. ಪುಣೆಯಲ್ಲಿ ಕೊಂಡರೂ ನ್ಯೂಜೆರ್ಸಿಯಲ್ಲಿ ಕೊಂಡರೂ ಬಣ್ಣ ಒಂದೇ.

ಇನ್ನು ದೂರುಗಳು. ಮೊದಲ ವರ್ಷ ಕೂಟದವರು ಶಿಫಾರಸು ಮಾಡಿದ ಒಬ್ಬ ಮಾರಾಟಗಾರರಿಂದ ಸಿದ್ಧ ಕಿಟ್ ತರಿಸಿದ್ದೆ. ಅದರಲ್ಲಿದ್ದ ಕೆಂಪು ದಾರ ಮೊದಲ ಒಗೆತದಲ್ಲೇ ಬಣ್ಣ ಬಿಟ್ಟು, ಎರಡು ತಿಂಗಳು ಕೂತು ತೆಗೆದ ತುಳಸಿ ವೃಂದಾವನದ ಸುತ್ತ ಬಿಳಿ ಬಟ್ಟೆಯೆಲ್ಲ ಗುಲಾಬಿಯಾಯಿತು. ತಣ್ಣೀರಿನಲ್ಲಿ ಎಷ್ಟು ಸಲ ನೆನೆಸಿದರೂ ಕಲೆ ಪೂರ್ತಿ ಹೋಗಲಿಲ್ಲ. ಕೂಟದವರು ವಿಷಾದಿಸಿದರು, ಆದರೆ ಮಾರಾಟಗಾರರಿಂದ ಹಣ ಮರಳಲಿಲ್ಲ. ಶಿಫಾರಸು ಮಾಡುವವರು ದಾರವನ್ನು ಒಮ್ಮೆ ಒಗೆದು ನೋಡಬೇಕಿತ್ತು ಎಂದು ಈಗಲೂ ನನ್ನ ಅಭಿಪ್ರಾಯ. ಅಂದಿನಿಂದ ಯಾವುದೇ ಗಾಢ ಬಣ್ಣದ ದಾರವನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿಟ್ಟು ಪರೀಕ್ಷಿಸದೆ ನಾನು ಬಳಸುವುದಿಲ್ಲ.

ಎರಡನೆಯದು, ಭಾನುವಾರದ ಕರೆಯ ರೆಕಾರ್ಡಿಂಗನ್ನು 30 ದಿನಗಳಲ್ಲಿ ಅಳಿಸಿಬಿಡುತ್ತಾರೆ. ಸಮಯದ ಅಭಾವವಿರುವವರಿಗೆಂದೇ ಇರುವ ಕೂಟದಲ್ಲಿ ಇದು ಸರಿಯಲ್ಲ. ಮಾವನವರು ಆಸ್ಪತ್ರೆಯಲ್ಲಿದ್ದ ಆರು ವಾರ ನಾನು ಹೋಗಲಾಗಲಿಲ್ಲ, ಮರಳಿದಾಗ ಪಲ್ಲಕ್ಕಿ ನಕ್ಷೆಯ ಮೊದಲ ಎರಡು ವಾರಗಳ ದಾರಿ ತೋರಿಸುವ ಭಾಗವೇ ಇರಲಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಬ್ಬದ ಶುಭಾಶಯ ಮತ್ತು ಸೀರೆ ಮಾರಾಟದ ಸಂದೇಶಗಳ ನಡುವೆ ಕಸೂತಿಯ ಪ್ರಶ್ನೆಗಳು ಮುಳುಗುತ್ತಿದ್ದವು. ಹಲವರು ಹೇಳಿದ ಮೇಲೆ ಮಾರಾಟಕ್ಕೆ ಬೇರೆ ಗುಂಪು ಮಾಡಿದ್ದಾರೆ, ಈಗ ಪರವಾಗಿಲ್ಲ.

ಎರಡೂವರೆ ವರ್ಷದಲ್ಲಿ ಮುಗಿಸಿದ್ದು ನಾಲ್ಕು ದಿಂಬಿನ ಚೀಲ, ಮಗಳ ಲಂಗದ ಒಂದು ಅಂಚು ಮತ್ತು ಗೋಡೆಗೆ ಹಾಕಿದ ಒಂದು ಗೋಪುರ. ವೃತ್ತಿಯಾಗಿ ಮಾಡುವವರಿಗೆ ಇದು ಬಹಳ ಕಡಿಮೆ, ಬೇಗ ಕಲಿತು ಮಾರಾಟ ಮಾಡಬೇಕೆನ್ನುವವರಿಗೆ ಈ ಕೂಟ ಹೊಂದುವುದಿಲ್ಲ. ಅವರಿಗೆ ಎದುರು ಕೂತು ಕಲಿಸುವ ತರಗತಿಯೇ ಸರಿ. ಎಂದೂ ಸೂಜಿ ಹಿಡಿಯದವರೂ ಮೊದಲ ಎರಡು ತಿಂಗಳು ಕಷ್ಟಪಡುತ್ತಾರೆ, ಏಕೆಂದರೆ ಕ್ಯಾಮೆರಾದಲ್ಲಿ ದಾರದ ಬಿಗಿ ತಿಳಿಯುವುದಿಲ್ಲ. ನನ್ನ ಹಾಗೆ ಹಿಂದೊಮ್ಮೆ ಕಲಿತು ಬಿಟ್ಟವರಿಗೆ ಚಂದಾದ ಹಣ ಖಂಡಿತ ಸಾರ್ಥಕ.

ಮೂರನೆಯ ವರ್ಷದ ಚಂದಾ ಕಟ್ಟಿಯಾಗಿದೆ. ಕಳೆದ ತಿಂಗಳಿನಿಂದ ಆಯಿಯ ಕಪ್ಪು ಇಳಕಲ್ ಸೀರೆಯನ್ನು ಕೈಗೆತ್ತಿಕೊಂಡಿದ್ದೇನೆ. ಸೆರಗಿನ ಹತ್ತಿರ ದೊಡ್ಡ ಚಿತ್ರಗಳು, ಒಡಲಿಗೆ ಇಳಿದಂತೆ ಸಣ್ಣವು ಎಂಬ ಹಳೆಯ ಕ್ರಮದಲ್ಲೇ ತೆಗೆಯಬೇಕೆಂದಿದ್ದೇನೆ. ಚೌಕಗಳಿಲ್ಲದ ಬಟ್ಟೆ, ಅದೂ ಕಪ್ಪು, ಆದ್ದರಿಂದ ಹಗಲು ಬೆಳಕಿನಲ್ಲೇ ಎಣಿಸಬೇಕು. ಅದಕ್ಕಾಗಿ ಭಾನುವಾರದ ಕರೆಯನ್ನು ಬೆಳಿಗ್ಗೆಗೆ ತರಲು ಸಾಧ್ಯವೇ ಎಂದು ಅಕ್ಕೋರನ್ನು ಕೇಳಿದ್ದೇನೆ. ಅಮೆರಿಕದವರ ವೇಳೆಯನ್ನೂ ವಿಚಾರಿಸಿ ಮುಂದಿನ ವಾರ ತಿಳಿಸುವುದಾಗಿ ಹೇಳಿದ್ದಾರೆ.