ಎಂಟು ಗ್ರೂಪೋ, ಮೂವತ್ತಾರರ ಸಂತೆಯೋ: ಎರಡೂ ಚಾಂಪಿಯನ್ಸ್ ಲೀಗ್ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಹಳೆಯ ಗ್ರೂಪ್ ಪದ್ಧತಿಗೆ. 2024ರಲ್ಲಿ ಯುರೋಪಿನ ಕ್ಲಬ್ ಫುಟ್‌ಬಾಲ್ ಟೂರ್ನಿ ಚಾಂಪಿಯನ್ಸ್ ಲೀಗ್ ಹೊಸ ವೇಷ ತೊಟ್ಟಾಗ ಒಟ್ಟು ಮ್ಯಾಚ್‌ಗಳು 125ರಿಂದ 189ಕ್ಕೆ ಏರಿದವು. 64 ಮ್ಯಾಚ್ ಹೆಚ್ಚಿಗೆ ಸಿಗುತ್ತದೆ ಅಂದರೆ ಯಾರಿಗೆ ಬೇಡ? ಆ್ಯಪ್‌ನ ವರ್ಷದ ಪ್ಯಾಕ್ ಹಾಕಿಸಿಕೊಂಡು ಸೀಸನ್ ಪೂರ್ತಿ ನೋಡಿದೆ. ಅದಕ್ಕೂ ಮುಂಚೆ ವರ್ಷಗಟ್ಟಲೆ ಗ್ರೂಪ್ ಹಂತ ನೋಡಿದವನೇ. ಎರಡನ್ನೂ ನೋಡಿದ್ದು ಬೆಂಗಳೂರಿನಲ್ಲಿ, ಬೆಳಿಗ್ಗೆ ಆಫೀಸು ಇಟ್ಟುಕೊಂಡು, ಲಿವರ್‌ಪೂಲ್ ಅಭಿಮಾನಿಯಾಗಿ. ಹಾಗಾಗಿ ಕೆಳಗಿನ ತೀರ್ಪು ನಿಷ್ಪಕ್ಷಪಾತ ಅಂತ ಯಾರೂ ಅಂದುಕೊಳ್ಳಬೇಡಿ.

ನಿಯಮಗಳ ಪುರಾಣ ಬೇಡ. ಹಳೆಯದರಲ್ಲಿ ನಾಲ್ಕು ನಾಲ್ಕು ತಂಡಗಳ ಎಂಟು ಗ್ರೂಪ್, ಗ್ರೂಪಿನೊಳಗೆ ಪ್ರತಿಯೊಬ್ಬರ ಜೊತೆ ಎರಡು ಸಲ ಆಟ, ಮೊದಲ ಇಬ್ಬರು ಮುಂದಕ್ಕೆ. ಹೊಸದರಲ್ಲಿ ಮೂವತ್ತಾರು ತಂಡಗಳಿಗೆ ಒಂದೇ ಪಟ್ಟಿ, ಎಂಟು ಬೇರೆ ಬೇರೆ ಎದುರಾಳಿಗಳು, ಮೊದಲ ಎಂಟು ತಂಡ ನೇರ ಮುಂದಕ್ಕೆ, 9ರಿಂದ 24ರವರೆಗಿನವರಿಗೆ ಪ್ಲೇಆಫ್, ಉಳಿದವರು ಮನೆಗೆ. ಅಷ್ಟೇ.

ಹೊಸದರಲ್ಲಿ ಒಳ್ಳೆಯದು ಇಲ್ಲವೆಂದಲ್ಲ. ದೊಡ್ಡ ತಂಡಗಳು ಮುಖಾಮುಖಿಯಾಗಲು ಫೆಬ್ರವರಿವರೆಗೆ ಕಾಯಬೇಕಿಲ್ಲ. 2024ರ ಅಕ್ಟೋಬರ್ 2ರ ಒಂದೇ ರಾತ್ರಿ ಆಸ್ಟನ್ ವಿಲ್ಲಾ ಬಯರ್ನ್ ಅನ್ನೂ, ಲೀಲ್ ರಿಯಲ್ ಮ್ಯಾಡ್ರಿಡ್ ಅನ್ನೂ 1-0ಯಿಂದ ಕೆಡವಿದವು. ಜನವರಿಯಲ್ಲಿ ಲಿಸ್ಬನ್‌ನಲ್ಲಿ ಬೆನ್ಫಿಕಾ ವಿರುದ್ಧ ಬಾರ್ಸಿಲೋನಾ 5-4ರಿಂದ ಗೆದ್ದ ಮ್ಯಾಚ್ ನೋಡಿದವರು ಮರುದಿನ ಕೆಲಸ ಮಾಡಿರಲಿಕ್ಕಿಲ್ಲ. ಗ್ರೂಪಿನಲ್ಲಿ ಮೂರನೆಯವರಾಗಿ ಎರಡನೇ ದರ್ಜೆಯ ಯುರೋಪಾ ಲೀಗ್‌ಗೆ ಜಾರಿಕೊಳ್ಳುವ ಹಿಂಬಾಗಿಲು ಮುಚ್ಚಿದ್ದೂ ಸರಿಯೇ.

ಆದರೆ ಲೆಕ್ಕದ ವಿಷಯಕ್ಕೆ ಬಂದರೆ ಹಳೆಯದೇ ಮೇಲು. 2004ರ ಡಿಸೆಂಬರ್ 8ರಂದು ಗ್ರೂಪಿನ ಕೊನೆಯ ಮ್ಯಾಚ್‌ಗೆ ಲಿವರ್‌ಪೂಲ್‌ನ ತವರು ಮೈದಾನ ಆನ್‌ಫೀಲ್ಡ್‌ಗೆ ಗ್ರೀಸ್‌ನ ಒಲಿಂಪಿಯಾಕೋಸ್ ಬಂದಿತ್ತು. ಅದಕ್ಕೆ ಮುಂಚೆ ಗ್ರೀಸ್‌ನಲ್ಲಿ ನಾವು 1-0 ಸೋತಿದ್ದೆವು. ಅವರ ರಿವಾಲ್ಡೊ ಫ್ರೀಕಿಕ್‌ನಲ್ಲಿ ಗೋಲು ಹೊಡೆದಾಗ ಸ್ಟೇಡಿಯಂನಲ್ಲಿದ್ದ ಪ್ರತಿಯೊಬ್ಬರಿಗೂ ಲೆಕ್ಕ ಬಾಯಲ್ಲಿತ್ತು: ಇನ್ನು ಮೂರು ಬೇಕು, ಎರಡು ಸಾಲದು. ಮೂರನೆಯದನ್ನು ನಮ್ಮ ನಾಯಕ ಜೆರಾರ್ಡ್ 86ನೇ ನಿಮಿಷದಲ್ಲಿ ಹೊಡೆದ. ಇಬ್ಬರಿಗೂ ಹತ್ತತ್ತು ಪಾಯಿಂಟ್. ತೀರ್ಮಾನಿಸಿದ್ದು ಅವರಿಬ್ಬರೂ ಪರಸ್ಪರ ಆಡಿದ ಎರಡು ಮ್ಯಾಚ್. ಸೋತವನಿಗೂ ಯಾರ ಕೈಲಿ ಸೋತೆ ಅನ್ನುವುದು ಗೊತ್ತಿತ್ತು.

ಇದನ್ನು ಡಿನಾಮೋ ಝಾಗ್ರೆಬ್ ಪಾಡಿನ ಪಕ್ಕದಲ್ಲಿಟ್ಟು ನೋಡಿ. ಹೊಸ ಪದ್ಧತಿಯ ಮೊದಲ ಸೀಸನ್‌ನ ಕೊನೆಯ ರಾತ್ರಿ ಅವರು ಮಿಲಾನ್ ಅನ್ನು 2-1ರಿಂದ ಸೋಲಿಸಿ 11 ಪಾಯಿಂಟ್ ಮಾಡಿಕೊಂಡರು. ಮ್ಯಾಂಚೆಸ್ಟರ್ ಸಿಟಿ, ಸ್ಪೋರ್ಟಿಂಗ್, ಕ್ಲಬ್ ಬ್ರೂಗ್‌ಗಳದ್ದೂ 11. ಆ ಮೂರೂ ಒಳಗೆ, ಡಿನಾಮೋ 25ನೇ ಸ್ಥಾನದಲ್ಲಿ ಹೊರಗೆ. ಕಾರಣ ಗೋಲು ವ್ಯತ್ಯಾಸ, ಅಂದರೆ ಹೊಡೆದ ಗೋಲಿನಲ್ಲಿ ತಿಂದದ್ದನ್ನು ಕಳೆದರೆ ಉಳಿಯುವುದು. ಸೆಪ್ಟೆಂಬರ್‌ನ ಮೊದಲ ಮ್ಯಾಚ್‌ನಲ್ಲೇ ಬಯರ್ನ್ ಅವರಿಗೆ 9-2 ಬಾರಿಸಿತ್ತು, ಆ ಏಟು ಜನವರಿಯಲ್ಲಿ ತಾಗಿತು. 24ನೇ ಸ್ಥಾನ ಹಿಡಿದ ಬ್ರೂಗ್ ಜೊತೆ ಡಿನಾಮೋ ಒಂದು ನಿಮಿಷವೂ ಆಡಿಲ್ಲ. ಆಡದವನ ಕೈಲಿ ಸೋಲುವುದು ಎಂಥ ಲೀಗು ಸ್ವಾಮಿ?

ಈಗ ನನ್ನ ಅಸಲಿ ಸಿಟ್ಟಿಗೆ ಬರುತ್ತೇನೆ. ಅದು ಆ ಕೊನೆಯ ರಾತ್ರಿಯದೇ.

ನಮ್ಮ ಗಡಿಯಾರದಲ್ಲಿ 2025ರ ಜನವರಿ 30, ಬೆಳಗಿನ ಜಾವ ಒಂದೂವರೆ. ಹದಿನೆಂಟು ಮ್ಯಾಚ್, ಒಟ್ಟಿಗೇ ಶುರು. ಜಾಹೀರಾತಿನಲ್ಲಿ ಕೇಳಲು ಚೆಂದ. ಆದರೆ ನನ್ನದು ಮೊಬೈಲ್ ಪ್ಯಾಕ್, ಒಂದು ಸಲಕ್ಕೆ ಒಂದೇ ಪರದೆ. ಕೊಟ್ಟ ದುಡ್ಡಿನಲ್ಲಿ ಹದಿನೆಂಟರಲ್ಲಿ ಒಂದು ನನ್ನದು, ಹದಿನೇಳು ಗಾಳಿಗೆ. ನಾನು ಸಿಟಿ ಮ್ಯಾಚ್ ಹಾಕಿಕೊಂಡೆ, ಯಾಕೆಂದರೆ ಅವರು ಮಣ್ಣುಮುಕ್ಕುವುದನ್ನು ನೋಡುವ ಸುಖವೇ ಬೇರೆ. ವಿರಾಮಕ್ಕೆ ಬ್ರೂಗ್ 1-0 ಮುಂದಿತ್ತು, ಗ್ವಾರ್ಡಿಯೋಲಾ ಕೋಚ್ ಆಗಿದ್ದ ಸಿಟಿ ಹೊರಬಿದ್ದಂತೆಯೇ. ಆಮೇಲೆ ಸಿಟಿಯ ಕೊವಾಚಿಚ್ ಸಮ ಮಾಡಿದ, ಕೊನೆಗೆ ಸಿಟಿಗೆ 3-1.

ಈ ಮಧ್ಯೆ ಪಟ್ಟಿ ನೋಡಬೇಕಲ್ಲ. ಮೂವತ್ತಾರು ಸಾಲು, ಫೋನಿನಲ್ಲಿ ಒಮ್ಮೆಗೆ ಕಾಣುವುದು ಹತ್ತೋ ಹನ್ನೊಂದೋ. ವಿಡಿಯೋವನ್ನು ಚಿಕ್ಕದು ಮಾಡಿ ಮೂಲೆಗೆ ತಳ್ಳಿ, ಪಟ್ಟಿ ತೆರೆದು, ಬೆರಳಿನಲ್ಲಿ ಕೆಳಕ್ಕೆ ಎಳೆಯುತ್ತಾ 20, 21, 22 ಅಂತ ಬರುವಷ್ಟರಲ್ಲಿ ಎಲ್ಲೋ ಒಂದು ಗೋಲು. ಪಟ್ಟಿ ತಾನಾಗಿ ರಿಫ್ರೆಶ್ ಆಗಿ ಮತ್ತೆ ಒಂದನೇ ಸಾಲಿಗೆ ಹಾರುತ್ತದೆ. ಹದಿನೆಂಟು ಮೈದಾನಗಳಲ್ಲಿ ಗೋಲು ಬೀಳುತ್ತಿದ್ದರೆ ಎಷ್ಟು ಸಲ ಹಾರುತ್ತದೆ ನೀವೇ ಊಹಿಸಿ. 24ನೇ ಗೆರೆಯ ಹತ್ತಿರ ಹೋಗುವುದು, ಮೇಲಕ್ಕೆ ಚಿಮ್ಮುವುದು, ಇದೇ ಆಯಿತು. ಮೂಲೆಯಲ್ಲಿದ್ದ ಅಂಗುಲದ ವಿಡಿಯೋದಲ್ಲಿ ಯಾರೋ ಕುಣಿಯುತ್ತಿದ್ದರು, ಯಾವ ತಂಡದವರೆಂದು ಬಣ್ಣ ನೋಡಿ ಹೇಳಬೇಕಾಯಿತು.

ಹಳೆಯ ಪದ್ಧತಿಯಲ್ಲಿ ಕೊನೆಯ ಸುತ್ತಿಗೆ ಇಷ್ಟು ಪಡಿಪಾಟಲಿರಲಿಲ್ಲ. ಎಂಟು ಗ್ರೂಪುಗಳು ಮಂಗಳವಾರ, ಬುಧವಾರಕ್ಕೆ ಹಂಚಿಹೋಗುತ್ತಿದ್ದವು. ನನ್ನ ಗ್ರೂಪಿನ ಎರಡು ಮ್ಯಾಚ್, ನಾಲ್ಕು ಸಾಲಿನ ಪಟ್ಟಿ. ಪೇಪರ್ ಪೆನ್ನೂ ಬೇಡ. ಆ ರಾತ್ರಿ ಎದ್ದಿರಬೇಕೋ ಮಲಗಬೇಕೋ ಎನ್ನುವುದು ವಾರ ಮುಂಚೆಯೇ ಗೊತ್ತಾಗುತ್ತಿತ್ತು.

'ಹಳೆಯದರಲ್ಲಿ ಅರ್ಥವಿಲ್ಲದ ಮ್ಯಾಚ್ ಜಾಸ್ತಿ' ಅನ್ನುವವರಿಗೆ: ಆ ಹದಿನೆಂಟರಲ್ಲೇ ಒಂದು ಪಿಎಸ್‌ವಿ-ಲಿವರ್‌ಪೂಲ್. ನಾವು ಏಳಕ್ಕೆ ಏಳೂ ಗೆದ್ದು ನಿಶ್ಚಿಂತೆಯಾಗಿದ್ದೆವು. ಕೋಚ್ ಸ್ಲಾಟ್ ಮುಖ್ಯ ಆಟಗಾರರನ್ನು ಮನೆಯಲ್ಲೇ ಬಿಟ್ಟುಹೋದರು, ತಂಡ 3-2 ಸೋತಿತು, ಯಾರಿಗೂ ಏನೂ ಅನ್ನಿಸಲಿಲ್ಲ. ಎಂಟು ಮ್ಯಾಚ್‌ಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಸಿಕ್ಕ ಬಹುಮಾನವೇನು? 15ನೇ ಸ್ಥಾನದಲ್ಲಿ ಮುಗಿಸಿದ ಪ್ಯಾರಿಸ್‌ನ ತಂಡ ಪಿಎಸ್‌ಜಿ. ನಾವು ಪ್ಯಾರಿಸ್‌ನಲ್ಲಿ 1-0 ಗೆದ್ದು, ಆನ್‌ಫೀಲ್ಡ್‌ನಲ್ಲಿ 1-0 ಸೋತು, ಪೆನಾಲ್ಟಿಯಲ್ಲಿ ಮನೆಗೆ. ಅದೇ ಪಿಎಸ್‌ಜಿ ಮ್ಯೂನಿಕ್ ಫೈನಲ್‌ನಲ್ಲಿ ಇಂಟರ್‌ಗೆ ಐದು ಗೋಲು ಹೊಡೆದು ಕಪ್ ಎತ್ತಿತು. ಗ್ರೂಪ್ ಕಾಲದಲ್ಲೂ ಮೊದಲನೆಯವನಿಗೆ ಇಂಥ ಎರಡನೆಯವನು ಸಿಕ್ಕಿದ್ದುಂಟು, ಒಪ್ಪುತ್ತೇನೆ. ಆದರೆ ಆಗ ಆರು ಮ್ಯಾಚ್ ಆಡಿಸುತ್ತಿದ್ದರು, ಎಂಟಲ್ಲ. ಮುಂದಿನ ಸೀಸನ್‌ನಿಂದ ಪಟ್ಟಿಯಲ್ಲಿ ಮೇಲಿದ್ದವರಿಗೆ ಕ್ವಾರ್ಟರ್, ಸೆಮಿಗಳ ಎರಡನೇ ಲೆಗ್ (ಎರಡು ಮ್ಯಾಚ್‌ಗಳಲ್ಲಿ ಕೊನೆಯದು) ತವರಿನಲ್ಲಿ ಅಂತ ಟೂರ್ನಿ ನಡೆಸುವ ಯುಇಎಫ್ಎ ತಿದ್ದಿಕೊಂಡಿತು. ತಡವಾಗಿ ಬಂದ ಬುದ್ಧಿ.

ಸ್ಟೇಡಿಯಂಗೆ ಹೋಗುವ ಅಭಿಮಾನಿಗಳ ಕಥೆ ಇನ್ನೂ ದುಬಾರಿ. ತವರಿನಲ್ಲಿ ಮೂರರ ಬದಲು ನಾಲ್ಕು ಮ್ಯಾಚ್ ಅಂದರೆ ಇನ್ನೊಂದು ಟಿಕೆಟ್. ಆಸ್ಟನ್ ವಿಲ್ಲಾದ ಮೈದಾನ ವಿಲ್ಲಾ ಪಾರ್ಕ್‌ನಲ್ಲಿ ಸೀಸನ್ ಟಿಕೆಟ್ ಇಲ್ಲದವರಿಗೆ ಬೆಲೆ 97 ಪೌಂಡ್‌ವರೆಗೆ ಹೋಗಿ ಜನ ಕೂಗಾಡಿದರು. ಹೊಸ ಪದ್ಧತಿಯ ಮೊದಲ ಕರಡಿನಲ್ಲಿ ಪ್ರತಿ ತಂಡಕ್ಕೂ ಹತ್ತು ಮ್ಯಾಚ್ ಇತ್ತು. ಅಭಿಮಾನಿ ಸಂಘಟನೆಗಳೂ ವಿರೋಧಿಸಿದ ಮೇಲೆ, 2022ರ ಮೇನಲ್ಲಿ ಎಂಟಕ್ಕಿಳಿಯಿತು.

ಇದರ ಬದಲು ದೊಡ್ಡ ಕ್ಲಬ್‌ಗಳದ್ದೇ ಪ್ರತ್ಯೇಕ ಸೂಪರ್ ಲೀಗ್? 2021ರ ಏಪ್ರಿಲ್‌ನಲ್ಲಿ ಹನ್ನೆರಡು ಕ್ಲಬ್‌ಗಳು ಘೋಷಿಸಿದ್ದು ಒಂದು ಭಾನುವಾರ. ಇಂಗ್ಲೆಂಡಿನ ಆರೂ ಮಂಗಳವಾರ ರಾತ್ರಿಯೊಳಗೆ ಬಾಲ ಮುದುರಿಕೊಂಡವು. ನನ್ನ ತಂಡವೂ ಅದರಲ್ಲಿತ್ತು, ಮುಂದಕ್ಕೆ ಹೋಗೋಣ.

ಗ್ರೂಪುಗಳು ಬರುವ ಮುಂಚಿನಂತೆ ಬರೀ ನಾಕೌಟ್ ಮಾಡಿದರೆ? ಮನಸ್ಸಿಗೆ ಇಷ್ಟ, ಯಾರೂ ಮಾಡುವುದಿಲ್ಲ.

ನನ್ನ ಮಟ್ಟಿಗೆ ಇತ್ಯರ್ಥ ಹೀಗೆ. ವರ್ಷದ ಪ್ಯಾಕ್ ಬಂದ್. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಹೈಲೈಟ್ಸ್ ಧಾರಾಳ, ಒಂದು ಸೋಲಿನಿಂದ ಯಾರ ತಲೆಯೂ ಹೋಗುವುದಿಲ್ಲ. ಜನವರಿ ಕೊನೆಗೆ ಒಂದು ತಿಂಗಳದ್ದು, ಮಾರ್ಚ್‌ನಲ್ಲಿ ಲಿವರ್‌ಪೂಲ್ ಉಳಿದಿದ್ದರೆ ಇನ್ನೊಂದು. ನೈಟ್ ಶಿಫ್ಟ್‌ನವರು, ಟಿವಿ ಜೊತೆ ಲ್ಯಾಪ್‌ಟಾಪೂ ಇಟ್ಟುಕೊಂಡವರು, ಯಾವ ತಂಡದ ಹಂಗೂ ಇಲ್ಲದೆ ಒಳ್ಳೆಯ ಆಟ ಸಿಕ್ಕರೆ ಸಾಕು ಅನ್ನುವವರು ಹೊಸದನ್ನೇ ಮೆಚ್ಚುತ್ತಾರೆ, ವರ್ಷದ ಪ್ಯಾಕ್ ಅವರಿಗೆ ಗಿಟ್ಟುತ್ತದೆ. ಮೊಬೈಲ್ ಪ್ಯಾಕ್ ಮಾತ್ರ ಬೇಡ.