ಮಾಜಿ ಸೈನಿಕರ ಕೋಟಾದಲ್ಲಿ ಮನೆ ಕೊಡಿಸ್ತೀನಿ ಅಂತ ಬಂದ್ರೆ ಡಿಸ್ಚಾರ್ಜ್ ಬುಕ್ ಕೈಗೆ ಕೊಡ್ಬೇಡಿ

ನಿಮ್ಮ ಮನೇಲಿ, ನೆಂಟರಲ್ಲಿ, ಬೀದೀಲಿ ಯಾರಾದ್ರೂ ಮಿಲಿಟ್ರಿಯಿಂದ ಬಂದೋರಿದ್ರೆ, ಅದ್ರಲ್ಲೂ ಪೆನ್ಷನ್ ಇಲ್ದೆ ಸ್ವಂತ ಮನೆ ಇಲ್ದೆ ಇರೋ ವಯಸ್ಸಾದೋರಿದ್ರೆ, ದಯವಿಟ್ಟು ಇದನ್ನ ಅವರಿಗೆ ಓದಿ ಹೇಳಿ. ನಮ್ಮ ಚಿಕ್ಕಪ್ಪಂಗೆ ಆಗಿದ್ದನ್ನ ಬರೀತಿದೀನಿ. ಬರೀಲಾ ಅಂತ ಅವರನ್ನೇ ಕೇಳ್ದೆ, ನನ್ ಹೆಸರು ಹಾಕ್ಬೇಡ, ಉಳಿದಿದ್ದೆಲ್ಲ ಬರಿ ಅಂದ್ರು.

ಚಿಕ್ಕಪ್ಪ ಎಂಇಜಿ, ಅಂದ್ರೆ ಸೈನ್ಯದ ಎಂಜಿನಿಯರ್ ರೆಜಿಮೆಂಟು. ಹಲಸೂರಿನ ಮದ್ರಾಸ್ ಸ್ಯಾಪರ್ಸ್ ಅಂತಾರಲ್ಲ, ಒಬ್ರನ್ನೊಬ್ರು ತಂಬಿ ಅಂತ ಕರ್ಕೊಳ್ಳೋರು, ಅವರೇ. 18 ವರ್ಷಕ್ಕೆ ಸೇರಿ ನಾಯಕ್ ರ‍್ಯಾಂಕಿಗೆ ಬಂದು 1980ರ ದಶಕದಲ್ಲೇ ವಾಪಸ್ ಬಂದ್ರು. ಜವಾನರಿಗೆ ಸರ್ವಿಸ್ ಪೆನ್ಷನ್ ಬರ್ಬೇಕಂದ್ರೆ 15 ವರ್ಷ ಆಗಿರ್ಬೇಕು, ಇವರದ್ದು ಅಷ್ಟು ಆಗಿರ್ಲಿಲ್ಲ, ಒಂದಿಷ್ಟು ಗ್ರ್ಯಾಚುಟಿ ಬಂತು ಅಷ್ಟೇ. ಆಮೇಲೆ ಫ್ಯಾಕ್ಟರಿ ಗೇಟು, ಬ್ಯಾಂಕ್ ಎಟಿಎಂ, ಅಪಾರ್ಟ್‌ಮೆಂಟು ಅಂತ ಸೆಕ್ಯುರಿಟಿ ಕೆಲಸದಲ್ಲೇ ಜೀವನ ಸಾಗ್ತು. ಮಕ್ಕಳಿಲ್ಲ. ಚಿಕ್ಕಮ್ಮ ಕೊರೊನಾ ಟೈಮಲ್ಲಿ ಹೋಗ್ಬಿಟ್ರು. ಲಿಂಗರಾಜಪುರದಲ್ಲಿ ಒಂದು ಶೀಟ್ ಮನೇಲಿ ಬಾಡಿಗೆಗಿದ್ರು.

ಹೋದ ಯುಗಾದಿಗೆ ಒಬ್ಬಟ್ಟು ತಗೊಂಡು ಅಲ್ಲಿಗೆ ಹೋದ್ರೆ ಆ ಮನೆ ಇಲ್ಲ, ಬರೀ ಪಾಯದ ಗುಂಡಿ. ಪಿಜಿ ಕಟ್ತಿದಾರಂತೆ, ಎಲ್ರನ್ನೂ ಖಾಲಿ ಮಾಡ್ಸಿ ನಾಲ್ಕು ತಿಂಗಳಾಯ್ತು ಅಂತ ಪಕ್ಕದ ಅಂಗಡಿಯವರು ಹೇಳಿದ್ರು. ನಂಗೆ ಫೋನಲ್ಲಿ ಮಾತ್ರ ಚಿಕ್ಕಪ್ಪ ವಾರವಾರ ಚೆನ್ನಾಗಿದೀನಿ ಪುಟ್ಟಿ ಅಂತಾನೇ ಹೇಳ್ತಿದ್ರು. ಹುಡುಕ್ಕೊಂಡು ಹೋದ್ರೆ ಹೊರಮಾವು ಕಡೆ ಒಂದು ಅಪಾರ್ಟ್‌ಮೆಂಟ್ ಗೇಟಿನ ಗಾರ್ಡ್ ರೂಮಲ್ಲಿ ಸಿಕ್ರು. ಕಾಲು ಚಾಚಿ ಮಲಗೋಕೂ ಆಗದಷ್ಟು ಜಾಗ. ಕುರ್ಚಿ ಕೆಳಗೆ ಪಾಲಿಶ್ ಹಾಕಿದ ಶೂ, ಮೂಲೇಲಿ ಅವರ ಹಳೇ ಕಬ್ಬಿಣದ ಟ್ರಂಕು, ಅದರ ಮೇಲೆ ಬಿಳಿ ಪೇಂಟಲ್ಲಿ ಬರೆದಿದ್ದ ಹೆಸರು ನಂಬರ್ ಅರ್ಧ ಅಳಿಸಿಹೋಗಿದೆ. 66 ವರ್ಷದ ಮನುಷ್ಯ, 12 ಗಂಟೆ ಡ್ಯೂಟಿ ಮಾಡಿ ಅಲ್ಲೇ ಕೂತ್ಕೊಂಡೇ ನಿದ್ದೆ ಮಾಡೋದು. ನಂಗೆ ಅಳು ಬಂತು, ಅವರು ನನ್ನ ಸಮಾಧಾನ ಮಾಡಿದ್ರು. ಮನೆ ಬರ್ತಿದೆ ಕಣೇ ಪುಟ್ಟಿ, ಸರ್ಕಾರಿ ಮನೆ, ಇನ್ನೊಂದು ತಿಂಗಳು ಅಷ್ಟೇ ಅಂದು ಟ್ರಂಕಿಂದ ಒಂದು ಲೆಟರ್ ತೆಗೆದು ಕೊಟ್ರು.

ನಡೆದಿದ್ದು ಇಷ್ಟು. ಹಲಸೂರು ಕಡೆ ಒಂದು ಟೀ ಅಂಗಡೀಲಿ ಒಬ್ಬ ಪರಿಚಯ ಆಗಿದಾನೆ. ಐವತ್ತರ ಆಸುಪಾಸು, ನೇವಿ ಬ್ಲೂ ಬ್ಲೇಜರ್, ಎದೆ ಮೇಲೆ ರೆಜಿಮೆಂಟ್ ಬ್ಯಾಡ್ಜು. ಜೈ ಹಿಂದ್ ಸಾಬ್, ನಾನೂ ತಂಬಿನೇ ಅಂದಿದಾನೆ. ಚಿಕ್ಕಪ್ಪಂಗೆ ಅಷ್ಟು ಸಾಕಾಯ್ತು, ಯಾಕಂದ್ರೆ ಅವರನ್ನ ಹಾಗೆ ಕರೆದೋರೇ ಎಷ್ಟೋ ವರ್ಷದಿಂದ ಇರ್ಲಿಲ್ಲ. ಮನೆ ಇಲ್ದಿರೋ ಮಾಜಿ ಸೈನಿಕರಿಗೆ ಕೇಂದ್ರದಿಂದ ಹೊಸ ಸ್ಕೀಮ್ ಬಂದಿದೆ, ರಾಷ್ಟ್ರಪತಿ ಕೋಟಾ, ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಫ್ಲ್ಯಾಟ್ ಫ್ರೀ, ಬರೀ ರಿಜಿಸ್ಟ್ರೇಷನ್ ಖರ್ಚು ಅಂತ ಹೇಳಿ ವಾಟ್ಸಾಪಲ್ಲಿ ಒಂದು ವಿಡಿಯೋ ತೋರ್ಸಿದಾನೆ. ಆ ವಿಡಿಯೋ ನಾನೂ ನೋಡ್ದೆ. ಅದು ಅಮೆರಿಕದ್ದು. ಅಲ್ಲಿ ಹಡ್-ವಾಶ್ ಅಂತ ಒಂದು ಯೋಜನೆ ನಿಜವಾಗ್ಲೂ ಇದೆ, ಬೀದೀಲಿರೋ ಮಾಜಿ ಸೈನಿಕರಿಗೆ ಬಾಡಿಗೆ ಮನೆಗೆ ವೋಚರ್ ಕೊಡ್ತಾರೆ, ಸಾಮಾನ್ಯವಾಗಿ ಆದಾಯದಲ್ಲಿ 30% ಅವರು ಕಟ್ಬೇಕು ಮಿಕ್ಕಿದ್ದು ಸರ್ಕಾರ ಕೊಡತ್ತೆ, ಜೊತೆಗೆ ನೋಡ್ಕೊಳ್ಳೋಕೆ ಒಬ್ಬ ಕೇಸ್ ಮ್ಯಾನೇಜರ್ ಇರ್ತಾರೆ. ಅಲ್ಲೂ ಫ್ಲ್ಯಾಟ್ ಬರೆದುಕೊಡಲ್ಲ. ಆ ವಿಡಿಯೋಗೆ ಕನ್ನಡ ವಾಯ್ಸ್ ಹಾಕಿ, ನಮ್ಮ ಬಾವುಟದ ಫೋಟೋ ಅಂಟಿಸಿ ನಮ್ಮಲ್ಲಿ ಬಂದಿದೆ ಅಂತ ಹರಿಬಿಟ್ಟಿದಾರೆ.

ಮೊದಲು 15,000 ರೂಪಾಯಿ ಫೋನ್‌ಪೇ. ಆಮೇಲೆ ಮೈಸೂರು ರೋಡ್ ಕಡೆ ಒಂದು ಫ್ಲ್ಯಾಟ್ ಕಾಂಪ್ಲೆಕ್ಸಿಗೆ ಕರ್ಕೊಂಡು ಹೋಗಿ, ಗೇಟಲ್ಲಿ ಯಾರಿಗೋ ಕೈಬೀಸಿ ಒಳಗೆ ಹೋಗಿ, ಮೂರನೇ ಮಹಡೀಲಿ ಖಾಲಿ ಮನೆಯ ಬಾಗಿಲು ತೋರ್ಸಿ ಇದೇ ನಿಮ್ದು ಸಾಬ್ ಅಂದಿದಾನೆ. ಚಿಕ್ಕಪ್ಪ ಆ ಬಾಗಿಲು ಮುಟ್ಟಿ ನಮಸ್ಕಾರ ಮಾಡಿದ್ರಂತೆ. ವಾಪಸ್ ಬಂದು ಚಿಕ್ಕಮ್ಮನ ಎರಡೆಳೆ ಸರ ಮಾರಿ ಡಿಪಾಸಿಟ್ಟಿಗೆ ಅಂತ 1,20,000 ಕ್ಯಾಶ್ ಕೊಟ್ಟಿದಾರೆ. ಆಮೇಲೆ ಖಾತಾ ಖರ್ಚು ಅಂತ ಇನ್ನೊಂದು 50,000. ಒಟ್ಟು 1,85,000. ಕೊನೆಗೆ ವೆರಿಫಿಕೇಷನ್ನಿಗೆ ಒರಿಜಿನಲ್ ಬೇಕು ಅಂತ ಡಿಸ್ಚಾರ್ಜ್ ಬುಕ್ಕು (ಸೈನ್ಯದಿಂದ ಬರುವಾಗ ಕೊಡೋ ಸೇವಾ ದಾಖಲೆ ಪುಸ್ತಕ), ಮಾಜಿ ಸೈನಿಕರ ಗುರುತಿನ ಚೀಟಿ ಎರಡೂ ಇಸ್ಕೊಂಡು ಹೋದೋನು ಫೋನ್ ಸ್ವಿಚ್ ಆಫ್.

ಲೆಟರ್ ಕಲರ್ ಜೆರಾಕ್ಸು, ಮೇಲೆ ಗಂಡಭೇರುಂಡ, ಕೆಳಗೆ ದುಂಡು ಸೀಲು. ಎರಡು ಸಲ ಓದಿದ ಮೇಲೆ ಕಣ್ಣಿಗೆ ಬಿತ್ತು, ಅಭಿವೃದ್ಧಿ ಪ್ರಾಧಿಕಾರ ಅನ್ನೋ ಕಡೆ 'ಅಭಿವೃದ್ದಿ ಪ್ರಾದಿಕಾರ' ಅಂತಿದೆ. ಎರಡು ಕಡೆಯೂ ಮಹಾಪ್ರಾಣ ಹಾರಿಹೋಗಿದೆ. ಸೀಲಲ್ಲೂ ಹಾಗೇ ಇದೆ. ವಿಚಾರಿಸೋಕೆ ಅಂತ ಕೊಟ್ಟಿರೋದು ಒಂದು ಮೊಬೈಲ್ ನಂಬರ್, ಒಂದು ಜಿಮೇಲ್ ಐಡಿ. ಮಾರನೇ ದಿನ ರಜೆ ಹಾಕಿ ಇಬ್ರೂ ಕುಮಾರ ಪಾರ್ಕ್ ವೆಸ್ಟಿನ ಬಿಡಿಎ ಆಫೀಸಿಗೆ ಹೋದ್ವಿ. ಕೌಂಟರಲ್ಲಿದ್ದ ಮೇಡಂ ಒಂದೇ ನಿಮಿಷ ನೋಡಿ, ಅಪ್ಪಾಜಿ ಇದು ನಮ್ದಲ್ಲ, ಮೊದಲು ಕೂತ್ಕೊಳ್ಳಿ ಅಂತ ಕುರ್ಚಿ ಕೊಟ್ರು. ಚಿಕ್ಕಪ್ಪ ಕೂರ್ಲಿಲ್ಲ. ನಿಂತೇ ಇದ್ರು.

ದುಡ್ಡು ಹೋಗಿದ್ದು ದೊಡ್ಡದೇ, ಇಲ್ಲ ಅನ್ನಲ್ಲ. ಆದ್ರೆ ನಮ್ಮನ್ನ ಜಾಸ್ತಿ ಅಲೆಸಿದ್ದು ಆ ಡಿಸ್ಚಾರ್ಜ್ ಬುಕ್ಕು. ಸ್ಟೇಷನ್‌ಗೆ ಹೋದ್ರೆ ಕಳೆದುಹೋಗಿದೆ ಅಂತ ಪೊಲೀಸರ ಆನ್‌ಲೈನ್ ಇ-ಲಾಸ್ಟಲ್ಲಿ ಹಾಕ್ಬಿಡಿ ಸಾಕು ಅಂದ್ರು. ಇಲ್ಲಿ ನಿಲ್ಲಿ, ಇದು ಮುಖ್ಯ. ಕಳೆದುಹೋಯ್ತು ಅಂತ ನಾವೇ ಬರ್ಕೊಟ್ರೆ ಮೋಸ ಮಾಡಿ ಕಿತ್ಕೊಂಡ ಅನ್ನೋದಕ್ಕೆ ನಾಳೆ ಏನು ಬೆಲೆ ಇರತ್ತೆ? ನಾವು ಒಪ್ಲಿಲ್ಲ. ಮೋಸದ ಕೇಸಿಗೆ ಹಿಂದೆ 420 ಅಂತಿದ್ವಲ್ಲ, ಜುಲೈ 2024ರಿಂದ ಅದು ಹೊಸ ದಂಡಸಂಹಿತೆ ಬಿಎನ್‌ಎಸ್ 318. ಸ್ಟೇಷನಲ್ಲಿ ತಗೊಳ್ಳದಿದ್ರೆ ದೂರನ್ನ ಬರವಣಿಗೇಲಿ ಡಿಸಿಪಿಗೆ ಪೋಸ್ಟ್ ಮಾಡ್ಬಹುದು, ಕಾನೂನಲ್ಲೇ ಆ ದಾರಿ ಇದೆ. ನಾವೂ ಹಾಗೇ ಮಾಡಿದ್ವಿ, ಎಫ್‌ಐಆರ್ ಆಗೋಷ್ಟರಲ್ಲಿ ಎರಡು ತಿಂಗಳು. ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಫೋನ್ ಮಾಡಿದ್ವಿ, ಆದ್ರೆ ಆನ್‌ಲೈನಲ್ಲಿ ಹೋಗಿದ್ದು ಆ 15,000 ಮಾತ್ರ, ಅದೂ ತಿಂಗಳುಗಟ್ಲೆ ಹಳೇದು, ಅಕೌಂಟ್ ಖಾಲಿ. ಆ ನಂಬರಿಗೆ ದುಡ್ಡು ಹೋದ ಗಂಟೇಲೇ ಫೋನ್ ಮಾಡಿದ್ರೆ ತಡೆಯೋ ಅವಕಾಶ ಇರತ್ತೆ, ದಿನ ಕಳೆದಷ್ಟೂ ಕಷ್ಟ.

ಎಫ್‌ಐಆರ್ ಕಾಪಿ ಹಿಡ್ಕೊಂಡು ರೆಸಿಡೆನ್ಸಿ ರೋಡಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಭವನಕ್ಕೆ ಹೋದ್ವಿ, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇರೋದು ಅಲ್ಲಿ. ಆಗ ಒಂದು ನಡೀತು, ನಂಗೆ ಮರೆಯಕ್ಕಾಗಲ್ಲ. ಅಲ್ಲಿದ್ದೋರು ಸರ್ವಿಸ್ ನಂಬರ್ ನೆನಪಿದ್ಯಾ ಅಂದ್ರು. ಬೆಳಿಗ್ಗೆ ತಿಂದಿದ್ದೇನು ಅಂತ ಕೇಳಿದ್ರೆ ಯೋಚ್ನೆ ಮಾಡೋ ಚಿಕ್ಕಪ್ಪ, ಚಪ್ಪಲಿ ಹಿಮ್ಮಡಿ ಕೂಡಿಸಿ ನೆಟ್ಟಗೆ ನಿಂತು ನಂಬರ್, ರ‍್ಯಾಂಕ್, ಹೆಸರು ಒಂದೇ ಉಸಿರಿಗೆ ಹೇಳಿದ್ರು. ಕೇಳಿದೋರೂ ಎದ್ದು ನಿಂತ್ರು. ಡೂಪ್ಲಿಕೇಟ್ ಬುಕ್ಕಿಗೆ ಅಫಿಡವಿಟ್ಟು, ಎಫ್‌ಐಆರ್ ಸೇರ್ಸಿ ಸೇವಾ ದಾಖಲೆ ಇಡೋ ರೆಕಾರ್ಡ್ ಆಫೀಸಿಗೆ ಕಳ್ಸೋಕೆ ಸಹಾಯ ಮಾಡಿದ್ರು. ಎಂಇಜಿ ರೆಕಾರ್ಡ್ಸ್ ಬೆಂಗಳೂರಲ್ಲೇ ಇರೋದ್ರಿಂದ ನಮ್ಗೆ ಓಡಾಟ ಸ್ವಲ್ಪ ಕಮ್ಮಿ ಆಯ್ತು.

ಅಲ್ಲೇ ಗೊತ್ತಾಗಿದ್ದು, ಪೆನ್ಷನ್ ಇಲ್ದಿರೋ, 65 ದಾಟಿರೋ, ಹವಾಲ್ದಾರ್ ರ‍್ಯಾಂಕಿನವರೆಗಿನ ಮಾಜಿ ಸೈನಿಕರಿಗೆ ಕೇಂದ್ರೀಯ ಸೈನಿಕ ಬೋರ್ಡಿಂದ ಪೆನ್ಯುರಿ ಗ್ರಾಂಟ್ ಅಂತ ತಿಂಗಳಿಗಿಷ್ಟು ಕೊಡ್ತಾರೆ ಅಂತ. 4,000 ಇದ್ದದ್ದು ನವೆಂಬರ್ 2025ರಿಂದ ಹಾಕೋ ಅರ್ಜಿಗಳಿಗೆ 8,000 ಆಗಿದೆ. ಬೋರ್ಡಿನ ವೆಬ್‌ಸೈಟಲ್ಲೇ ಅರ್ಜಿ, ಜಿಲ್ಲಾ ಸೈನಿಕ ಕಚೇರಿ ಪರಿಶೀಲನೆ ಮಾಡತ್ತೆ. ಚಿಕ್ಕಪ್ಪಂಗೆ 65 ಆಗಿ ಒಂದು ವರ್ಷದ ಮೇಲಾಗಿತ್ತು, ಕೇಳ್ಬೇಕಿದ್ದ ದುಡ್ಡು ಕೇಳ್ದೆ ಬಿಟ್ಟು ಇಲ್ಲದ ಮನೆಗೆ ಸರ ಮಾರಿದ್ರು. ಆ ಅರ್ಜಿಗೂ ಡಿಸ್ಚಾರ್ಜ್ ಬುಕ್ ಬೇಕು ನೋಡಿ.

ಮನೆ ವಿಷಯದಲ್ಲಿ ನಾನು ವಿಚಾರಿಸಿ ತಿಳ್ಕೊಂಡಿದ್ದನ್ನ ಹೇಳ್ಬಿಡ್ತೀನಿ. ಬಿಡಿಎ ಸೈಟ್ ಹಂಚಿಕೆಯ 1984ರ ನಿಯಮದಲ್ಲಿ ಮಾಜಿ ಸೈನಿಕರಿಗೆ ಮೀಸಲಾತಿ ಇರೋದು ನಿಜ, ಮೋಸಗಾರರು ಹಿಡ್ಕೊಳ್ಳೋದೇ ಇದನ್ನ. ಆದ್ರೆ ಅದು ಕ್ಯೂನಲ್ಲಿ ಒಂದು ಜಾಗ ಅಷ್ಟೇ, ಪುಕ್ಕಟೆ ಅಲ್ಲ. ಅಧಿಸೂಚನೆ ಹೊರಡಿಸಿ ಅರ್ಜಿ ಕರೆದಾಗ ಹಾಕ್ಬೇಕು, ದುಡ್ಡು ಪ್ರಾಧಿಕಾರದ ಹೆಸರಿಗೇ ಹೋಗ್ಬೇಕು. 1978ರಲ್ಲಿ ಶುರುವಾದ, ಸೈನ್ಯದ ವಸತಿ ಸಂಸ್ಥೆ ಎಡಬ್ಲ್ಯೂಎಚ್‌ಒ ಸೈನ್ಯದೋರಿಗೆ ಮನೆ ಕಟ್ಟತ್ತೆ, ಲಾಭ ಇಟ್ಕೊಳ್ಳಲ್ಲ, ಆದ್ರೆ ಬೆಲೆ ಕೊಡ್ಬೇಕು. ಪಿಎಂ ಆವಾಸ್ ನಗರ 2.0ರಲ್ಲಿ ವರ್ಷಕ್ಕೆ 3 ಲಕ್ಷದೊಳಗೆ ಆದಾಯ ಇದ್ದು ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇಲ್ದೋರಿಗೆ 2.5 ಲಕ್ಷದವರೆಗೆ ಸಹಾಯ, ಅದು ಮನೆಯ ಖರ್ಚಲ್ಲಿ ಒಂದು ಪಾಲು ಅಷ್ಟೇ. ಬೆಂಗಳೂರಿನ ಬಹುಮಹಡಿ ವಸತಿ ಯೋಜನೆ ಕಾವೇರಿ ಭವನದಲ್ಲಿರೋ ರಾಜೀವ್ ಗಾಂಧಿ ವಸತಿ ನಿಗಮದ್ದು, ಅಲ್ಲೂ ಫಲಾನುಭವಿ ತನ್ನ ಪಾಲು ಕಟ್ಬೇಕು. ಇವತ್ತು ರಾತ್ರಿ ಮಲಗೋಕೇ ಜಾಗ ಇಲ್ಲ ಅನ್ನೋರಿಗೆ ಪಾಲಿಕೆಯ ರಾತ್ರಿ ತಂಗುದಾಣ ಇದೆ, ಹಿರಿಯರ ಸಹಾಯವಾಣಿ 14567 ಇದೆ. ಇದ್ಯಾವುದಕ್ಕೂ ಟೀ ಅಂಗಡೀಲಿ ಕೂತಿರೋ ಮನುಷ್ಯ ಬೇಕಾಗಿಲ್ಲ, ಯಾವ ಆಫೀಸೂ ಒರಿಜಿನಲ್ ಡಿಸ್ಚಾರ್ಜ್ ಬುಕ್ಕನ್ನ ಹೊರಗಿನವರ ಕೈಲಿ ಕಳ್ಸಿ ಅನ್ನಲ್ಲ. ತೋರ್ಸಿ, ಅಲ್ಲೇ ವಾಪಸ್ ಇಸ್ಕೊಳ್ಳಿ. ಈಗ್ಲೇ ಎಲ್ಲಾ ಪುಟಗಳನ್ನ ಮೊಬೈಲಲ್ಲಿ ಫೋಟೋ ತೆಗೆದು ಮಕ್ಕಳಿಗೋ ತಮ್ಮನಿಗೋ ಕಳ್ಸಿಡಿ. ನಮ್ಮ ಹತ್ರ ಒಂದು ಜೆರಾಕ್ಸ್ ಪುಟ ಕೂಡ ಇರ್ಲಿಲ್ಲ.

ಚಿಕ್ಕಪ್ಪ ಈಗ ನಮ್ಮ ಜೊತೆ ವಿಜಯನಗರದಲ್ಲಿದಾರೆ, ಹಾಲಲ್ಲಿ ದಿವಾನ್ ಮೇಲೆ ಮಲಗ್ತಾರೆ. ಡೂಪ್ಲಿಕೇಟ್ ಬುಕ್ ಬಂತು, ಗ್ರಾಂಟ್ ಅರ್ಜಿ ಹಾಕಿದೀವಿ. ಆ ಮನುಷ್ಯ ಸಿಕ್ಕಿಲ್ಲ. ಇನ್ನೊಬ್ರು ದೂರು ಕೊಟ್ರೂ ಕೇಸಿಗೆ ಬಲ ಬರತ್ತೆ ಅಂತ ತನಿಖೆ ಮಾಡ್ತಿರೋರು ಹೇಳಿದಾರೆ. ಚಿಕ್ಕಪ್ಪ ಒಬ್ರಿಗೇ ಅಷ್ಟು ಚಂದದ ಸೀಲ್ ಮಾಡ್ಸಿರಲ್ಲ ಅವನು. ನಿಮ್ಮ ಮನೆಯ ಹಿರಿಯರ ಹತ್ರ ಇಂಥ ಲೆಟರ್ ಇದ್ರೆ ನಾಚಿಕೆಗೆ ಹರಿದು ಹಾಕೋಕೆ ಬಿಡ್ಬೇಡಿ, ತೆಗೆಸಿ ನೋಡಿ, ಸೀಲಲ್ಲಿ 'ಪ್ರಾದಿಕಾರ' ಅಂತಿದ್ಯಾ ನೋಡಿ.